ಎಡೆಗೆ ಬಿಟ್ಟ ಹುಂಜ

ಭಾನುವಾರ ಬೆಳಿಗ್ಗೆ ಅಂಗಳಕ್ಕೆ ರಾಗಿ ಎರಚಿದಾಗ ಹೇಂಟೆಗಳೆಲ್ಲ ಓಡಿ ಬಂದವು, ಹುಂಜ ಬರಲಿಲ್ಲ. ಅದು ಜಗಲಿಯ ಮೇಲೆ, ನಮ್ಮ ಮಾವ ಕೂರುತ್ತಿದ್ದ ಕಂಬದ ಬುಡದಲ್ಲಿ ಗರಿ ಕೆದರಿಕೊಂಡು ನಿಂತಿತ್ತು. ಕೊರಳನ್ನು ಮುಂದಕ್ಕೆ ಚಾಚುತ್ತಿತ್ತು, ಏನೋ ನುಂಗುವ ಹಾಗೆ ಬಾಯಿ ತೆರೆಯುತ್ತಿತ್ತು, ಏನೂ ನುಂಗದೆ ಕಣ್ಣು ಮುಚ್ಚುತ್ತಿತ್ತು. ಮಾವ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆ ಕಂಬದ ಹತ್ತಿರ ಮನೆಯವರು ಯಾರೂ ಕೂರುತ್ತಿರಲಿಲ್ಲ. ಕೂರಬಾರದು ಎಂದು ಯಾರೂ ಹೇಳಿರಲಿಲ್ಲ, ಆದರೂ ಕೂರುತ್ತಿರಲಿಲ್ಲ. ಹುಂಜಕ್ಕೆ ಮಾತ್ರ ಆ ಅಳುಕಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಕಂಪಲಾಪುರದಿಂದ ಒಳಗೆ ಒಂದಿಷ್ಟು ದೂರ ನಮ್ಮೂರು. ಗಂಡ ಹೊಗೆಸೊಪ್ಪು ಬೆಳೆಯುತ್ತಾರೆ. ವಿಜ್ಞಾನದ ಟೀಚರ್ ಎಂದರೆ ಊರಿನವರ ಪಾಲಿಗೆ ಅರ್ಧ ಡಾಕ್ಟರು. ಯಾರದೋ ರಕ್ತಪರೀಕ್ಷೆಯ ಚೀಟಿ, ಇನ್ಯಾರದೋ ಮಾತ್ರೆಯ ಹಾಳೆ ನನ್ನ ಕೈಗೆ ಬರುತ್ತಿತ್ತು. ನಾನೂ ಕನ್ನಡಕ ಏರಿಸಿಕೊಂಡು ಓದಿ ಒಂದು ತೀರ್ಪು ಕೊಟ್ಟು ಕಳಿಸುತ್ತಿದ್ದೆ. ಈಗ ಕೊಡುವುದಿಲ್ಲ. ಚೀಟಿ ಹಿಡಿದು ಬಂದವರಿಗೆ ಡಾಕ್ಟರ ಹತ್ತಿರ ಹೋಗಿ ಎಂದು ಸಿಡುಕುತ್ತೇನೆ. ಟೀಚರಮ್ಮನಿಗೆ ಈಚೆಗೆ ಸೊಕ್ಕು ಬಂದಿದೆ ಎಂದು ಊರಿನಲ್ಲಿ ಮಾತಿದೆ. ಆಡಿಕೊಳ್ಳಲಿ, ಸೊಕ್ಕು ಎಂದುಕೊಂಡರೆ ನನಗೆ ಎಷ್ಟೋ ವಾಸಿ.

ಆ ಹುಂಜವನ್ನು ಆರಿಸಿದ್ದು ಮಾವನೇ. ಹಿಂದಿನ ವರ್ಷ ಯುಗಾದಿಯ ಆಸುಪಾಸಿನಲ್ಲಿ ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಕಾಲು ಗಟ್ಟಿಯಿದ್ದ ಕೆಂಪು ಮರಿಯೊಂದನ್ನು ಅಂಗೈಯ ಮೇಲಿಟ್ಟುಕೊಂಡು, ಇದನ್ನು ಹಿರಿಯರ ಹಬ್ಬಕ್ಕೆ ಬಿಟ್ಟಿದ್ದೇನೆ, ಯಾರೂ ಕಣ್ಣು ಹಾಕಬೇಡಿ ಎಂದಿದ್ದರು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರು ಬದುಕಿದ್ದಾಗ ಇಷ್ಟಪಟ್ಟು ತಿಂದದ್ದು, ಕುಡಿದದ್ದು, ಸೇದಿದ್ದು ಎಲ್ಲವೂ ಬಾಳೆಲೆಯ ಮೇಲೆ ಬರುತ್ತದೆ. ಮಾವ ಆ ಮರಿಯನ್ನು ಬಿಟ್ಟದ್ದು ತಮ್ಮ ಅಪ್ಪನ ಎಡೆಗೆ. ಆದರೆ ಆಷಾಢದಲ್ಲಿ ತಾವೇ ಹೋದರು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ನಾವು ಎಡೆ ಇಡುವುದಿಲ್ಲ, ಹೀಗಾಗಿ ಹುಂಜ ಉಳಿದುಕೊಂಡಿತು. ಈ ವರ್ಷದ್ದು ಮಾವನ ಮೊದಲ ಎಡೆ. ತಮ್ಮ ಎಡೆಯ ಹುಂಜವನ್ನು ತಾವೇ ಸಾಕಿಟ್ಟು ಹೋಗಿದ್ದಾರೆ ಎಂಬುದನ್ನು ಮೊದಲು ಬಾಯಿಬಿಟ್ಟು ಹೇಳಿದವರು ನಮ್ಮ ಅತ್ತೆ. ಹೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೊಟ್ಟಿಗೆಯ ಕಡೆ ಹೋದರು.

ಅತ್ತೆಯ ಸಂಕಟವೇ ಬೇರೆ. ಮಾವ ಹಸಿದುಕೊಂಡು ಹೋದರು ಎನ್ನುವುದು ಅವರನ್ನು ಕೊರೆಯುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆದ ಮೇಲೆ ನಾಲ್ಕು ದಿನ ಬಾಯಿಗೆ ಒಂದು ಹನಿಯನ್ನೂ ಕೊಡುವಂತಿರಲಿಲ್ಲ. ಎಚ್ಚರವಾದಾಗಲೆಲ್ಲ ಮಾವ ಕೋಳಿಸಾರು ಕೇಳುತ್ತಿದ್ದರು. ಅತ್ತೆ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಅವರ ತುಟಿಗೆ ಹಿಡಿಯಲು ಹೋದಾಗ ಆ ಕೈಯನ್ನು ಹಿಡಿದು ಇಳಿಸಿದವಳು ನಾನು. ಕಾವಲು ಕೂತವಳು ನಾನು. ಮೂರನೆಯ ದಿನ ಮಾವ ನನ್ನನ್ನೇ ಹತ್ತಿರ ಕರೆದು, "ಒಂದೀಟು ಸಾರ ನಾಲ್ಗೆಗೆ ಸವರು ಟೀಚರಮ್ಮ, ನುಂಗಾಕಿಲ್ಲ ನಾನು" ಎಂದರು. ಸೊಸೆಯಾದರೂ ನನ್ನನ್ನು ಅವರು ತಮಾಷೆಗೆ ಕರೆಯುತ್ತಿದ್ದದ್ದೇ ಹಾಗೆ. ಬೇಡ ಮಾವ, ಡಾಕ್ಟರು ಬೈತಾರೆ ಎಂದೆ. ಮಾರನೆಯ ದಿನ ಮಧ್ಯಾಹ್ನ ಅವರು ಹೋಗಿಬಿಟ್ಟರು.

ಹಸಿದ ಹೊಟ್ಟೆಯಲ್ಲಿ ಹೋದವರು ಮನೆ ಬಿಟ್ಟು ಹೋಗುವುದಿಲ್ಲ ಎಂದು ಅತ್ತೆ ನಂಬಿದ್ದಾರೆ. ನಾನು ನಂಬುವವಳಲ್ಲ, ಮಕ್ಕಳಿಗೆ ದೆವ್ವವೆಲ್ಲ ಸುಳ್ಳು ಎಂದು ಪಾಠ ಮಾಡುವವಳು. ಆದರೆ ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಜಗಲಿಯಿಂದ ಮಾವ ಗಂಟಲು ಸರಿಮಾಡಿಕೊಳ್ಳುವ ಸದ್ದು ಎಷ್ಟೋ ಸಲ ಕೇಳಿಸಿದೆ. ಕಾಫಿ ಬೇಕಾದಾಗ ಅವರು ಹಾಗೆ ಮಾಡುತ್ತಿದ್ದರು. ಕೈ ತಾನಾಗಿ ಲೋಟ ತೆಗೆದುಕೊಂಡಿದೆ, ಹಾಲಿಗೆ ಹೋಗಿದೆ. ಆಮೇಲೆ ಒಲೆಯ ಮುಂದೆ ನಿಂತು ಲೋಟವನ್ನು ಎಲ್ಲಿಡಬೇಕು ಎಂದು ತಿಳಿಯದೆ ನಿಂತಿದ್ದೇನೆ.

ಮಾವ ಸಾಕಿದ ಹುಂಜದ ಸಾರನ್ನೇ ಅವರ ಎಲೆಗೆ ಬಡಿಸಿದರೆ ಹಸಿವು ತೀರಿ ಹೋಗುತ್ತಾರೆ ಎಂದು ಅತ್ತೆ ಕಾಯುತ್ತಿದ್ದರು. ಬಡಿಸುವ ಕೈ ನನ್ನದಾಗಬೇಕು ಎಂದು ನಾನು ಕಾಯುತ್ತಿದ್ದೆ, ಯಾರಿಗೂ ಹೇಳದೆ. ಕಾಯಿಲೆಯ ಕೋಳಿ ಎಡೆಗೆ ಆಗುವುದಿಲ್ಲ. ಅಮಾವಾಸ್ಯೆಗೆ ಇನ್ನು ಏಳು ದಿನವಿತ್ತು.

ಹುಂಜವನ್ನು ಹಿಡಿದು ಮಡಿಲಿನಲ್ಲಿ ಇಟ್ಟುಕೊಂಡೆ. ಯಾರನ್ನೂ ಹತ್ತಿರ ಸೇರಿಸದ ಪ್ರಾಣಿ ಸುಮ್ಮನೆ ಬಂತು, ಅದೇ ಮೊದಲ ಕೆಟ್ಟ ಲಕ್ಷಣ. ಕೋಳಿ ತಿಂದದ್ದು ನೇರವಾಗಿ ಹೊಟ್ಟೆಗೆ ಹೋಗುವುದಿಲ್ಲ. ಕೊರಳ ಬುಡದಲ್ಲಿ, ಎದೆಯ ಬಲಮಗ್ಗುಲಿಗೆ ಒಂದು ತೆಳ್ಳನೆಯ ಚೀಲವಿರುತ್ತದೆ. ಕಾಳೆಲ್ಲ ಮೊದಲು ಅಲ್ಲಿ ತುಂಬಿಕೊಂಡು, ನೆನೆದು, ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತದೆ. ಸಂಜೆ ತುಂಬಿದ್ದ ಚೀಲ ಬೆಳಗಾಗುವಷ್ಟರಲ್ಲಿ ಖಾಲಿಯಾಗಿರಬೇಕು. ಇದರದ್ದು ಖಾಲಿಯಾಗಿರಲಿಲ್ಲ. ಗರಿಯೊಳಗೆ ಬೆರಳು ತೂರಿಸಿದರೆ ದೊಡ್ಡ ನಿಂಬೆಹಣ್ಣಿನಷ್ಟು ಗಟ್ಟಿ ಉಂಡೆ ಸಿಕ್ಕಿತು. ಚೀಲ ನೀರುನೀರಾಗಿ ಜೋಲುತ್ತಿದ್ದರೆ ಒಳಗಿನದು ಹುಳಿತಿದೆ ಎಂದು ತಿಳಿಯಬಹುದು. ಇದು ಒತ್ತಿದರೆ ಅಮುಕಿದ ಗುರುತು ಹಾಗೆಯೇ ಉಳಿಯುತ್ತಿತ್ತು. ಒಳಗೆ ಏನೋ ಸಿಕ್ಕಿಕೊಂಡು ದಾರಿ ಕಟ್ಟಿದೆ ಎಂದೇ ಅರ್ಥ. ಬಾಯಿಯಿಂದ ಹಳಸಲು ವಾಸನೆ ಬರುತ್ತಿತ್ತು. ಹಿಕ್ಕೆ ಹಸಿರು ನೀರಿನ ಹಾಗಿತ್ತು, ಅದರಲ್ಲಿ ಒಂದು ಕಾಳಿನ ಗುರುತೂ ಇರಲಿಲ್ಲ.

ಆ ಉಂಡೆಯ ಮೇಲೆ ಬೆರಳಿಟ್ಟಾಗ ನನಗೆ ಇನ್ನೊಂದು ಹೊಟ್ಟೆ ಸಿಕ್ಕಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಎಳೆದಾಡುವುದು ಬೇಡ.

ಮಾವನಿಗೆ ಎರಡು ದಿನದಿಂದ ಹೊರಕಡೆ ಆಗಿರಲಿಲ್ಲ. ಗಾಳಿಯೂ ಸರಿದಿರಲಿಲ್ಲ, ಹೊಟ್ಟೆ ಉಬ್ಬಿಕೊಂಡಿತ್ತು, ಒಂದು ಸಲ ವಾಂತಿಯೂ ಆಗಿತ್ತು. ನಾಚಿಕೆಗೆ ಅತ್ತೆಯ ಹತ್ತಿರವೂ ಹೇಳದೆ ನನ್ನ ಹತ್ತಿರ ಹೇಳಿದರು. ಬೆಳಗಿನ ಹೊತ್ತು, ಅತ್ತೆ ಹುಲ್ಲಿಗೆ ಹೋಗಿದ್ದರು, ಗಂಡ ಹೊಲದಲ್ಲಿದ್ದರು, ನನಗೆ ಸ್ಕೂಲಿಗೆ ಹೊತ್ತಾಗುತ್ತಿತ್ತು. ಅವರನ್ನು ಕಂಬಕ್ಕೆ ಒರಗಿಸಿ ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿದೆ. ಡಬಡಬ ಎಂದಿತು. ಗ್ಯಾಸು ಎಂದೆ. ಎಷ್ಟು ಗಟ್ಟಿಯಾಗಿ ಎಂದೆನೆಂದರೆ ಅವರ ಮುಖದ ಮೇಲಿನ ಹೆದರಿಕೆಯೂ ಹೋಯಿತು. ಬಿಸಿ ಕಾಫಿಗೆ ಮೂರು ಚಮಚ ಹರಳೆಣ್ಣೆ ಹಾಕಿ ಕಲಕಿ ಕೊಟ್ಟೆ. ಭೇದಿಯಾದರೆ ಹಗುರಾಗ್ತೀರಿ ಎಂದು ಹೇಳಿ ಸ್ಕೂಟರ್ ಹತ್ತಿದೆ. ಮೂರನೆಯ ಪೀರಿಯಡ್ಡಿನಲ್ಲಿ ಫೋನು ಬಂತು. ಕರುಳು ತಿರುಚಿಕೊಂಡು ದಾರಿ ಮುಚ್ಚಿತ್ತು, ಒಳಗೆ ಒಡೆದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ಡಾಕ್ಟರು ಹೊರಗೆ ಬಂದು, ಭೇದಿಗೆಂದು ಏನಾದರೂ ಕೊಟ್ಟಿದ್ದಿರಾ ಎಂದು ಕೇಳಿದರು. ಅತ್ತೆಯೂ ಗಂಡನೂ ನನ್ನ ಮುಖ ನೋಡಿದರು. ಇಂಥ ಪ್ರಶ್ನೆಗೆ ಮನೆಯಲ್ಲಿ ಉತ್ತರ ಕೊಡುವವಳು ನಾನೇ ಅಲ್ಲವೇ. ಇಲ್ಲ ಎಂದೆ.

ಎಣ್ಣೆ ಕೊಡದಿದ್ದರೆ ಅವರು ಉಳಿಯುತ್ತಿದ್ದರೇ? ಗೊತ್ತಿಲ್ಲ. ಹೇಳಬಲ್ಲವರಾಗಿದ್ದ ಡಾಕ್ಟರಿಗೆ ನಾನು ಸುಳ್ಳು ಹೇಳಿದ್ದೆ, ಹಾಗಾಗಿ ಮತ್ತೆ ಹೋಗಿ ಕೇಳುವ ಬಾಯಿಯೂ ಇರಲಿಲ್ಲ. ಗಂಡನಿಗೆ ಇವತ್ತಿಗೂ ಹೇಳಿಲ್ಲ. ಇದನ್ನು ಓದಿದರೆ ಅವರಿಗೆ ತಿಳಿಯುತ್ತದೆ, ತಿಳಿಯಲಿ ಎಂದೇ ಬರೆಯುತ್ತಿದ್ದೇನೆ.

ಹುಂಜವನ್ನು ಮಂಕರಿಯ ಕೆಳಗೆ ಮುಚ್ಚಿ ಕಾಳು ನಿಲ್ಲಿಸಿದೆ. ಒಳಗಿನದು ಇಳಿಯದೆ ಮೇಲೆ ತುಂಬಬಾರದು, ಅಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು. ಉಗುರುಬೆಚ್ಚಗಿನ ನೀರನ್ನು ಹನಿಹನಿಯಾಗಿ ಕೊಕ್ಕಿನ ಪಕ್ಕಕ್ಕೆ ಬಿಟ್ಟು, ಕೊಬ್ಬರಿ ಎಣ್ಣೆ ಸವರಿದ ಬೆರಳಿನಿಂದ ಚೀಲವನ್ನು ಮೆಲ್ಲಗೆ ನೀವಿದೆ. ಉಂಡೆ ಸಡಿಲವಾದರೆ ತಾನಾಗಿ ಇಳಿದುಹೋಗಬಹುದು ಎಂದು ಆಸೆ. ಸ್ಕೂಲಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಎರಡು ಸಲ. ಹುಂಜ ಕಣ್ಣಿನ ಮೇಲಿನ ಪೊರೆಯನ್ನು ಎಳೆದುಕೊಂಡು ನನ್ನ ಮಡಿಲಿನಲ್ಲಿ ಕೂತಿರುತ್ತಿತ್ತು. ಸೋಮವಾರ ಬೆಳಿಗ್ಗೆ ಮುಟ್ಟಿ ನೋಡಿದೆ, ಹಾಗೆಯೇ ಇತ್ತು. ಮಂಗಳವಾರವೂ ಹಾಗೆಯೇ ಇತ್ತು. ಎದೆಯ ಮೂಳೆ ಮಾತ್ರ ಕೈಗೆ ಚೂಪಾಗಿ ಸಿಗತೊಡಗಿತು. ಚೀಲ ತುಂಬಿದ್ದರೂ ಅದು ಹಸಿವಿನಿಂದ ಒಣಗುತ್ತಿತ್ತು.

ಕೂಗು ನಿಂತದ್ದು ನನ್ನನ್ನು ಹೆಚ್ಚು ಕಾಡಿತು. ಆ ಹುಂಜ ಮಧ್ಯಾಹ್ನದ ಹೊತ್ತಿಗೆ, ಮಾವನಿಗೆ ಊಟಕ್ಕೆ ಕೂಗುತ್ತಿದ್ದ ವೇಳೆಯಲ್ಲಿ, ಕಂಬದ ಹತ್ತಿರ ನಿಂತು ಕೂಗುವುದು ರೂಢಿ. ಈಗ ಮಂಕರಿಯೊಳಗಿಂದ ಕೊರಳು ಚಾಚಿ ಕೂಗಲು ಹೋದರೆ ಗಂಟಲಿನಿಂದ ಗೊಗ್ಗರು ಗಾಳಿ ಮಾತ್ರ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿದ ಮೇಲೆ ಮಾವನ ಮಾತೂ ಹಾಗೆ ಗಾಳಿಯಾಗಿ ಬರುತ್ತಿತ್ತು. ಅಂಗಳ ಗುಡಿಸುತ್ತಿದ್ದ ಅತ್ತೆ ಪೊರಕೆ ಹಿಡಿದು ಹಾಗೇ ನಿಂತರು. ನನಗೆ ಅನಿಸಿದ್ದೇ ಅವರಿಗೂ ಅನಿಸಿತ್ತೋ ಏನೋ, ನಾನು ಕೇಳಲಿಲ್ಲ.

ಮಂಗಳವಾರ ಸಂಜೆ ಅತ್ತೆ ಹರಳೆಣ್ಣೆಯ ಸೀಸೆ ತಂದರು. ದನಕ್ಕೆ ಹೊಟ್ಟೆ ಕಟ್ಟಿದರೂ, ಮಗುವಿಗೆ ಕಟ್ಟಿದರೂ ನಮ್ಮಲ್ಲಿ ಮೊದಲು ಬರುವುದು ಆ ಸೀಸೆಯೇ. ಒಂದು ಚಮಚ ಬಿಟ್ಟರೆ ಸರಾಗವಾಗಿ ಹೋಗುತ್ತದೆ, ಬಾಯಿ ಹಿಡಿದುಕೋ ಎಂದರು. ವಾಸನೆ ಮೂಗಿಗೆ ಬಡಿದದ್ದೇ ನನಗೆ ಏನಾಯಿತೋ, ಸೀಸೆಯನ್ನು ಅವರ ಕೈಯಿಂದ ಕಿತ್ತುಕೊಂಡು ತಿಪ್ಪೆಗೆ ಎಸೆದೆ. ಮದುವೆಯಾಗಿ ಬಂದ ಮೇಲೆ ಅತ್ತೆಯ ಕೈಯಿಂದ ಏನನ್ನೂ ಕಿತ್ತುಕೊಂಡವಳಲ್ಲ ನಾನು. ಅವರು ಬೈಯಲಿಲ್ಲ. "ಎಣ್ಣೆ ಮ್ಯಾಲ್ ಯಾಕವ್ವ ಇಷ್ಟು ಕ್ವಾಪ?" ಎಂದಷ್ಟೇ ಕೇಳಿದರು. ಓದಿದವಳ ಹಾಗೆ ಏನೋ ಒಂದು ಉತ್ತರ ಕೊಟ್ಟೆ, ಕೋಳಿಯ ಚೀಲಕ್ಕೆ ಎಣ್ಣೆ ಕೆಲಸ ಮಾಡುವುದಿಲ್ಲ ಎಂದೋ ಏನೋ. ಹೇಳುತ್ತಿರುವಾಗ ನನ್ನ ದನಿ ನನಗೇ ಅಸಹ್ಯವಾಯಿತು.

ಬುಧವಾರ ಬೆಳಿಗ್ಗೆ ಹುಂಜ ತಲೆ ಕೆಳಗೆ ಹಾಕಿ ನಾರುವ ನೀರನ್ನು ಕಕ್ಕಿತು. ನಾನು ಸ್ಕೂಲಿಗೆ ರಜೆ ಹೇಳಿದೆ. ಸಹೋದ್ಯೋಗಿಗೆ ಕಾರಣ ಕೋಳಿ ಎನ್ನಲು ನಾಚಿಕೆಯಾಗಿ ಮನೆಯಲ್ಲಿ ಹುಷಾರಿಲ್ಲ ಎಂದೆ. ಹುಂಜವನ್ನು ಟವೆಲಿನಲ್ಲಿ ಸುತ್ತಿ ತಲೆಯನ್ನಷ್ಟೇ ಹೊರಗೆ ಬಿಟ್ಟು, ಅತ್ತೆಯ ಮಡಿಲಿಗೆ ಕೊಟ್ಟು, ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಡಿಕೇರಿ ರಸ್ತೆ ಹಿಡಿದೆ. ಎರಡೂ ಬದಿಯಲ್ಲಿದ್ದ, ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಒಣಗಿಸುವ ಬ್ಯಾರನ್‌ಗಳಿಂದ ಸೊಪ್ಪು ಬೇಯುವ ವಾಸನೆ ಬರುತ್ತಿತ್ತು. ದಾರಿಯುದ್ದಕ್ಕೂ ಅತ್ತೆ ಹಿಂದಿನಿಂದ ಮೆಲ್ಲಗೆ ಮಾತಾಡುತ್ತಿದ್ದರು. ಮೊದಲು ನನ್ನೊಡನೆ ಎಂದುಕೊಂಡೆ. ಇನ್ನು ನಾಲ್ಕು ದಿನ ತಡಕೊಳ್ಳಿ, ಇನ್ನು ನಾಲ್ಕೇ ದಿನ ಎನ್ನುತ್ತಿದ್ದರು. ಹುಂಜಕ್ಕೆ ಯಾರೂ ಬಹುವಚನ ಹಚ್ಚುವುದಿಲ್ಲ. ಗಾಡಿಯ ವೇಗ ಹೆಚ್ಚಿಸಿದೆ.

ಪಿರಿಯಾಪಟ್ಟಣದ ಪಶು ಆಸ್ಪತ್ರೆಯಲ್ಲಿ ಹಸು, ಮೇಕೆ, ಒಂದು ನಾಯಿ ಇದ್ದವು. ಕೋಳಿ ತಂದವರು ನಾವು ಮಾತ್ರ. ಮೇಕೆ ಹಿಡಿದಿದ್ದ ಒಬ್ಬರು, ಇದಕ್ಕೆ ಡಾಕ್ಟರ್ ಯಾಕೆ ಮೇಡಂ, ಮಸಾಲೆ ಸಾಕಲ್ಲ ಎಂದು ಕಿಚಾಯಿಸಿದರು. ಮಸಾಲೆಗೇ ಉಳಿಸಿಕೊಳ್ಳುತ್ತಿದ್ದೇವೆ ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ಡಾಕ್ಟರು ಕೊಡಗಿನ ಕಡೆಯ ಹುಡುಗಿ, ಇನ್ನೂ ಮೂವತ್ತೂ ಆಗಿರಲಾರದು. ನಗಲಿಲ್ಲ. ಚೀಲವನ್ನು ಎರಡು ಬೆರಳಿನಲ್ಲಿ ಹಿಡಿದು ಹೊರಳಿಸಿ ನೋಡಿದರು, ಕೊಕ್ಕು ತೆರೆದು ಮೂಸಿದರು, ಎಷ್ಟು ದಿನದಿಂದ, ಹಿಕ್ಕೆ ಹೇಗಿದೆ, ಬೆಳಿಗ್ಗೆ ಮೇವಿಗೆ ಮುಂಚೆ ಮುಟ್ಟಿ ನೋಡಿದ್ದೀರಾ ಎಂದು ಒಂದೊಂದಾಗಿ ಕೇಳಿದರು. ನಾನು ಒಂದೊಂದಕ್ಕೂ ಅಚ್ಚುಕಟ್ಟಾಗಿ ಉತ್ತರ ಹೇಳಿದೆ. ಆಮೇಲೆ ಅವರು ತಲೆ ಎತ್ತಿ, ಮನೆಯಲ್ಲಿ ಏನಾದರೂ ಕುಡಿಸಿದ್ದೀರಾ, ಎಣ್ಣೆ ಗಿಣ್ಣೆ, ಎಂದರು.

ಇಲ್ಲ ಎಂದೆ. ಈ ಸಲ ನಿಜವೆಂದೇ ತಿಳಿದು ಹೇಳಿದ್ದೆ.

"ನಾನು ಕುಡ್ಸಿವ್ನಿ ಕಣವ್ವ" ಎಂದರು ಅತ್ತೆ. "ವೊತ್ತಾರೆ, ಪಕ್ಕದ್ ಮನೇಲಿ ಇಸ್ಕೊಂಡು, ಎಲ್ಡು ಚಮ್ಚ ಅಳ್ಳೆಣ್ಣೆ. ಇವ್ಳಿಗೆ ಗೊತ್ತಿಲ್ಲ."

ಅಷ್ಟೇ. ಹುಂಜದ ಕಾಲನ್ನು ಹಿಡಿದುಕೊಂಡು, ಡಾಕ್ಟರ ಮುಖವನ್ನೇ ನೋಡುತ್ತ, ಬಸ್ಸಿನಲ್ಲಿ ಇಳಿಯುವ ಊರನ್ನು ಹೇಳುವಷ್ಟು ಸಲೀಸಾಗಿ ಹೇಳಿದರು. ಹದಿನಾಲ್ಕು ತಿಂಗಳು ನನ್ನ ಎದೆಯ ಮೇಲೆ ಕೂತಿದ್ದ ಮಾತು ಎಷ್ಟು ಚಿಕ್ಕದಾಗಿತ್ತು. ಒಂದು ಉಸಿರಿನಲ್ಲಿ ಮುಗಿಯುವಂಥದ್ದು. ಡಾಕ್ಟರು ಗದರಲೂ ಇಲ್ಲ. ದಾರಿ ಕಟ್ಟಿರುವಾಗ ಮೇಲಿನಿಂದ ತಳ್ಳಬಾರದು ಅಜ್ಜಿ, ಒಳಗಿನದು ಉಸಿರಿನ ದಾರಿಗೆ ಹೋಗಿಬಿಡುತ್ತದೆ, ಹೇಳಿದ್ದು ಒಳ್ಳೆಯದಾಯಿತು, ಇದರ ತಲೆ ಮೇಲೆ ಮಾಡಿಯೇ ಹಿಡಿದುಕೊಂಡು ಕುಯ್ಯುತ್ತೇನೆ ಎಂದರು. ಹೇಳಿದರೆ ಡಾಕ್ಟರು ಕೆಲಸದ ರೀತಿಯನ್ನು ಬದಲಿಸುತ್ತಾರೆ. ಅದಕ್ಕೇ ಕೇಳುತ್ತಾರೆ. ಇಷ್ಟು ಸಣ್ಣ ವಿಷಯ ವಿಜ್ಞಾನದ ಟೀಚರಿಗೆ ಗೊತ್ತಿರಲಿಲ್ಲ ಎಂದಲ್ಲ.

ಎದೆಯ ಮೇಲಿನ ಗರಿ ಕಿತ್ತು, ಮರಗಟ್ಟಿಸುವ ಸೂಜಿ ಕೊಟ್ಟು, ಹೆಬ್ಬೆರಳಿನ ಅಗಲಕ್ಕೆ ಚರ್ಮವನ್ನೂ ಅದರ ಕೆಳಗಿನ ಚೀಲವನ್ನೂ ಕುಯ್ದರು. ಚಿಮುಟದಲ್ಲಿ ಹಿಡಿದು ಎಳೆದಾಗ ಮೊದಲು ರಾಗಿಹುಲ್ಲು, ಅದರ ಹಿಂದೆ ದಾರ ಬಂತು. ಎಳೆದಷ್ಟೂ ದಾರ. ನಮ್ಮದೇ ದಾರ. ಹೊಗೆಸೊಪ್ಪನ್ನು ಬೇಯಿಸುವ ಮುಂಚೆ ಎಲೆಗಳನ್ನು ಕಡ್ಡಿಗೆ ಕಟ್ಟುತ್ತೇವೆ, ಬೆಂದ ಮೇಲೆ ಬಿಚ್ಚಿ ದಾರದ ತುಂಡುಗಳನ್ನು ಅಲ್ಲೇ ಬಿಸಾಡುತ್ತೇವೆ. ಸೊಪ್ಪಿನ ಕಾಲದಲ್ಲಿ ಅಂಗಳದಲ್ಲಿ ಕಾಲಿಟ್ಟಲ್ಲೆಲ್ಲ ಅದೇ. ಎರೆಹುಳವೆಂದು ತಿಳಿದು ಒಂದನ್ನು ನುಂಗಿರಬೇಕು, ಅದರ ಹಿಂದೆ ಇನ್ನೊಂದನ್ನು. ಹುಲ್ಲೂ ಕಾಳೂ ಅದಕ್ಕೆ ಸುತ್ತಿಕೊಂಡು ಗಂಟಾಗಿತ್ತು. ಉಪ್ಪುನೀರಿನಲ್ಲಿ ತೊಳೆದು, ಚೀಲಕ್ಕೆ ಬೇರೆ, ಚರ್ಮಕ್ಕೆ ಬೇರೆ ಹೊಲಿಗೆ ಹಾಕಿದರು. ಇಡೀ ಹೊತ್ತು ಹುಂಜ ಅತ್ತೆಯ ಕೈಯಲ್ಲಿ ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು. ಉಳಿಯುತ್ತದೆ ಎಂದರು ಡಾಕ್ಟರು. ನನಗೆ ಅಳು ಬಂದು ಹೊರಗೆ ಹೋಗಿ ಮುಖ ತೊಳೆದುಕೊಂಡೆ.

ವಾಪಸು ಬಂದಾಗ ಅವರು ಇಂಜೆಕ್ಷನ್ ಕೊಟ್ಟು ಮುಗಿಸಿದ್ದರು. ಇದರ ಔಷಧಿ ಮಾಂಸದಲ್ಲಿ ಉಳಿದಿರುತ್ತದೆ, ಹದಿನೈದು ದಿನ ಕುಯ್ಯಬೇಡಿ ಎಂದರು. ಭಾನುವಾರ ಅಮಾವಾಸ್ಯೆ ಎಂದು ಅತ್ತೆ ಹೇಳಿದರು, ಯಾರ ಎಡೆ ಎಂಬುದನ್ನೂ ಹೇಳಿದರು. "ಉಣ್ಣೋರು ಸತ್ತೋಗಿರೋರು. ಅವ್ರಿಗಿನ್ಯಾವ ಔಸ್ದಿ ಏನ್ ಮಾಡೀತು?" ಎಂದು ಕೇಳಿದರು. ಆ ಎಡೆಯನ್ನು ಆಮೇಲೆ ತಿನ್ನುವವರು ನೀವಲ್ಲವೇ ಅಜ್ಜಿ ಎಂದರು ಡಾಕ್ಟರು. ಅತ್ತೆ ನನ್ನ ಕಡೆ ತಿರುಗಿದರು, ನೀನು ಹೇಳು ಎನ್ನುವ ಹಾಗೆ. ಬೇಡ ಅತ್ತೆ, ಡಾಕ್ಟರು ಹೇಳಿದ ಹಾಗೆ ಮಾಡೋಣ ಎಂದೆ. ಹೇಳುತ್ತಿದ್ದಂತೆ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ಅದೇ ಮಾತನ್ನು ಹೇಳಿದ್ದ ನನ್ನ ದನಿ ಕಿವಿಗೆ ಬಿತ್ತು. ಎರಡನೆಯ ಸಲವೂ ಮಾವನ ಬಾಯಿಗೆ ಅಡ್ಡ ಬಂದವಳು ನಾನೇ. ಮನೆ ಸೇರುವ ತನಕ ಸ್ಕೂಟರಿನ ಹಿಂದೆ ಯಾರೂ ಮಾತಾಡಲಿಲ್ಲ.

ಎಡೆಗೆ ಚುಂಚನಕಟ್ಟೆಯ ನಾದಿನಿ ಒಂದು ಹುಂಜ ಕಳಿಸಿದಳು. ಬಿಳಿಯದು, ಮಾವ ಕಣ್ಣಿನಲ್ಲೂ ಕಾಣದ್ದು. ಭಾನುವಾರ ಬೆಳಗಿನಿಂದ ಅಡುಗೆ ಮಾಡಿದೆ. ಮುದ್ದೆ, ಸಾರು, ವಡೆ, ಕಜ್ಜಾಯ. ಗಂಡ ಹೊಸ ಪಂಚೆ, ಎಲೆ ಅಡಿಕೆ, ಒಂದು ಕಟ್ಟು ಬೀಡಿ ತಂದಿಟ್ಟರು. ದೀಪ ಹಚ್ಚುವ ಹೊತ್ತಿಗೆ ಎಲೆ ಹಾಸಿ ಬಡಿಸಿದೆವು. ಸಾರು ಬಡಿಸುವಾಗ ಹೆಚ್ಚು ಬಿದ್ದು ಎಲೆಯ ಅಂಚಿನಿಂದ ನೆಲಕ್ಕೆ ಹರಿಯಿತು, ಅತ್ತೆ ಬಟ್ಟೆ ತಂದು ಒರೆಸಿದರು. ಬೇರೆ ಯಾರದೋ ಮನೆಯ ಕೋಳಿಯ ಸಾರು. ಇದರಿಂದ ಯಾವುದೂ ತೀರುವುದಿಲ್ಲ ಎಂದು ಬಡಿಸುವಾಗಲೇ ನನಗೆ ತಿಳಿದುಹೋಗಿತ್ತು.

ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಗಂಡ ಸ್ವಲ್ಪ ಹೊತ್ತು ಕೂತಿದ್ದು ಬ್ಯಾರನ್ನಿನ ಬೆಂಕಿ ನೋಡಿಕೊಂಡು ಬರುತ್ತೇನೆ ಎಂದು ಎದ್ದುಹೋದರು. ಒಲೆ ಆರಿದರೆ ಒಳಗಿನ ಸೊಪ್ಪೆಲ್ಲ ಕಪ್ಪಾಗುತ್ತದೆ. ಜಗಲಿಯಲ್ಲಿ ಉಳಿದವರು ಅತ್ತೆ ಮತ್ತು ನಾನು. ಹುಂಜ ಎದೆಯ ಬೋಳು ಜಾಗವನ್ನೂ ಹೊಲಿಗೆಯನ್ನೂ ತೋರಿಸಿಕೊಂಡು ಕಂಬದ ಹತ್ತಿರ ಕೂತಿತ್ತು. ಬೆಳಿಗ್ಗೆ ಅದರ ಚೀಲ ಖಾಲಿಯಾಗಿತ್ತು, ಮೆತ್ತಗೆ ನೆನೆಸಿದ ಅನ್ನ ತಿಂದಿತ್ತು. ಮುಚ್ಚಿದ ಬಾಗಿಲಿನ ಆಚೆ ಏನೂ ಸದ್ದಿರಲಿಲ್ಲ. ಗಂಟಲು ಸರಿಮಾಡಿಕೊಳ್ಳುವ ಸದ್ದಿಗೆ ನಾನು ಕಿವಿಗೊಟ್ಟು ಕೂತಿದ್ದೆ, ಬಂದರೂ ಹೆದರಿಕೆ, ಬಾರದಿದ್ದರೂ ಹೆದರಿಕೆ.

"ಅತ್ತೆ, ಆಸ್ಪತ್ರೆಲಿ ಡಾಕ್ಟ್ರು ಕೇಳ್ದಾಗ ನಾನು ಸುಳ್ಳು ಹೇಳ್ದೆ" ಎಂದೆ. "ಅವತ್ತು ಬೆಳಿಗ್ಗೆ ಮಾವನಿಗೆ ಕಾಫಿಲಿ ಹರಳೆಣ್ಣೆ ಹಾಕಿ ಕೊಟ್ಟಿದ್ದೆ. ಮೂರು ಚಮಚ. ಗ್ಯಾಸು ಅಂದ್ಕೊಂಡಿದ್ದೆ."

ಅತ್ತೆ ಅಂಗಳದ ಕಡೆ ನೋಡುತ್ತಿದ್ದರು. ಅವರ ಮುಖ ನನಗೆ ಅರ್ಧ ಮಾತ್ರ ಕಾಣುತ್ತಿತ್ತು. ಬೈಯಲಿ, ಕೂದಲು ಹಿಡಿದು ಎಳೆಯಲಿ, ಮಗನನ್ನು ಕೂಗಿ ಕರೆಯಲಿ ಎಂದು ಕಾದೆ. ನಿಜ ಹೇಳಬೇಕೆಂದರೆ ಅದಕ್ಕೆ ಹಂಬಲಿಸುತ್ತಿದ್ದೆ. ಅವರು ಕೇಳಿದ್ದು ಒಂದೇ.

"ಎಲ್ಲಾನೂ ಕುಡುದ್ರಾ?"

"ಕುಡಿದ್ರು. ಒಂದು ತೊಟ್ಟೂ ಬಿಡಲಿಲ್ಲ."

ಅತ್ತೆ ತಲೆಯಾಡಿಸಿದರು. "ನಾನು ಕೊಟ್ಟಿದ್ರೆ ಕುಡೀತಿರ್ನಿಲ್ಲ ಕಣವ್ವ. ಮದ್ವೆ ಆದಾಗಿಂದ ಒಂದ್ ದಿನಾನೂ ನನ್ ಕೈಲಿ ಅಳ್ಳೆಣ್ಣೆ ಕುಡ್ದೋರಲ್ಲ. ಮಕದ್ ಮ್ಯಾಲೆ ಉಗುದ್ಬುಡೋರು. ನೀನು ಕೊಟ್ಟೆ ಅಂತ ಕುಡುದ್ರು."

ಅದರಲ್ಲಿ ಕೋಪವಿರಲಿಲ್ಲ, ಚುಚ್ಚುವ ಮನಸ್ಸೂ ಇರಲಿಲ್ಲ. ಅವರ ಗಂಡನ ಸ್ವಭಾವವನ್ನು ನನಗೆ ಹೇಳುತ್ತಿದ್ದರು ಅಷ್ಟೇ. ನನ್ನನ್ನು ಕಾಡುತ್ತಿದ್ದ ಎಣ್ಣೆಯೂ ಸುಳ್ಳೂ ಆ ಕ್ಷಣಕ್ಕೆ ಹಿಂದಕ್ಕೆ ಸರಿದು, ಕಂಬಕ್ಕೆ ಒರಗಿ, ನಂಬಿಕೆಯಿಂದ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯುತ್ತಿದ್ದ ಮಾವನೊಬ್ಬರೇ ಉಳಿದರು. ಈಗಲೂ ಅವರು ಹಾಗೆಯೇ ಇದ್ದಾರೆ.

ಅತ್ತೆ ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಬಾಗಿಲು ತೆಗೆಯುವುದು ಮನೆಯ ಹಿರಿಯರ ಕೆಲಸ. ಒಳಗೆ ಉಣ್ಣುತ್ತಿರುವವರಿಗೆ ನಾವು ಬರುವುದು ತಿಳಿಯಲಿ ಎಂದು ತೆಗೆಯುವ ಮುಂಚೆ ಕೆಮ್ಮಬೇಕು. ಅತ್ತೆ ಬಾಗಿಲ ತನಕ ಹೋಗಿ ನಿಂತು ನನ್ನನ್ನು ಕರೆದರು. ಇವತ್ತು ನೀನೇ ತೆಗಿ ಎಂದರು.

ಎದ್ದು ಹೋಗಿ ಚಿಲಕದ ಮೇಲೆ ಕೈಯಿಟ್ಟೆ. ಕೆಮ್ಮಲು ನೋಡಿದೆ, ಬರಲಿಲ್ಲ. ಮತ್ತೆ ನೋಡಿದೆ. ಬಾಗಿಲ ಸಂದಿನಿಂದ ಸಾರಿನ ವಾಸನೆ, ಧೂಪದ ವಾಸನೆ ಬರುತ್ತಿತ್ತು. ನಾನು ಹಾಗೆಯೇ ನಿಂತಿದ್ದೆ. ಆಗ ನನ್ನ ಹಿಂದಿನಿಂದ ಅತ್ತೆ ಕೆಮ್ಮಿದರು.